ಹಳೆಯ ಟೂ-ಸ್ಟ್ರೋಕ್ ಎಂಜಿನ್: ಹೊಸ ಕ್ರ್ಯಾಂಕ್ ಸೀಲ್ ಬಾಳದಿರುವುದೇಕೆ?

ಪ್ರಶ್ನೆ: ಹಲವು ವರ್ಷ ನಿಂತಿದ್ದ ಟೂ-ಸ್ಟ್ರೋಕ್ ಮೋಟಾರ್‌ಸೈಕಲ್ಲಿನ ಎಂಜಿನ್ ಪೂರ್ತಿ ಬಿಚ್ಚಿಸಿ, ಹೊಸ ಪಿಸ್ಟನ್, ಕನೆಕ್ಟಿಂಗ್ ರಾಡ್ ಕಿಟ್ ಮತ್ತು ಕ್ರ್ಯಾಂಕ್ ಸೀಲ್‌ಗಳನ್ನು (ಕ್ರ್ಯಾಂಕ್ ಶಾಫ್ಟಿನ ಸುತ್ತ ಕುಳಿತು ಸೋರಿಕೆ ತಡೆಯುವ ರಬ್ಬರ್ ಬಳೆಗಳು) ಹಾಕಿಸಿದೆ. ಕೆಲವೇ ವಾರಗಳಲ್ಲಿ ದಟ್ಟವಾದ ಬಿಳಿ ಹೊಗೆ ಬರತೊಡಗಿತು, ಗೇರ್ ಆಯಿಲ್ ಕೂಡ ಕಡಿಮೆಯಾಗುತ್ತಿದೆ. ಸೀಲ್ ಮತ್ತೆ ಬದಲಾಯಿಸಿದರೂ ಅದೇ ಕಥೆ. ಮಾರುಕಟ್ಟೆಯ ಸೀಲ್‌ಗಳೇ ಕಳಪೆಯೇ?

ಉತ್ತರ: ಕಳಪೆ ಸೀಲ್‌ಗಳು ಇಲ್ಲವೆಂದಲ್ಲ, ಆದರೆ ಎರಡನೆಯ ಸೀಲೂ ಅದೇ ರೀತಿ ಕೈಕೊಟ್ಟಿದ್ದರೆ, ಸೀಲಿಗಿಂತ ಮೊದಲು ಅದು ಕುಳಿತಿರುವ ಶಾಫ್ಟನ್ನು ಅನುಮಾನಿಸಬೇಕು. ಟೂ-ಸ್ಟ್ರೋಕ್ ಎಂಜಿನಿನಲ್ಲಿ ಕ್ರ್ಯಾಂಕ್ ತಿರುಗುವ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸೇ ಪಂಪಿನ ಕೆಲಸ ಮಾಡುವುದರಿಂದ, ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಸೀಲು ಒಮ್ಮೆ ಒತ್ತಡವನ್ನೂ ಒಮ್ಮೆ ನಿರ್ವಾತವನ್ನೂ ತಡೆಯಬೇಕಾಗುತ್ತದೆ. ನಿಮ್ಮ ಲಕ್ಷಣಗಳು ಕ್ಲಚ್ ಬದಿಯ ಸೀಲಿನತ್ತ ಬೊಟ್ಟು ಮಾಡುತ್ತವೆ: ಪಿಸ್ಟನ್ ಮೇಲೇರುವಾಗ ಗೇರ್ ಆಯಿಲ್ ಕ್ರ್ಯಾಂಕ್‌ಕೇಸಿನೊಳಕ್ಕೆ ಸೆಳೆಯಲ್ಪಟ್ಟು ಸುಡುತ್ತಿದೆ. ಮ್ಯಾಗ್ನೆಟೊ (ಕಿಡಿಗೆ ವಿದ್ಯುತ್ ಕೊಡುವ ಭಾಗ) ಬದಿಯ ಸೀಲು ಹೋಗಿದ್ದರೆ ಹೊಗೆಯ ಬದಲು ಗಾಳಿ ಒಳನುಗ್ಗಿ, ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಕಡಿಮೆಯಾಗಿ, ಐಡ್ಲಿಂಗ್ ತಾನಾಗಿಯೇ ಏರಿ, ಕೊನೆಗೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು ಸೀಜ್ ಆಗುತ್ತಿತ್ತು. ಅದು ಇನ್ನೂ ಅಪಾಯಕಾರಿ.

ನೀವು ರಾಡ್ ಕಿಟ್ ಹಾಕಿಸಿದ್ದೇನೆ ಎಂದಿರುವುದು ಇಲ್ಲಿ ಬಹಳ ಮುಖ್ಯ. ಕಿಟ್ ಹಾಕಲು ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ ಮತ್ತೆ ಕೂಡಿಸಿರುತ್ತಾರೆ. ಕೂಡಿಸಿದ ಮೇಲೆ ಎರಡೂ ಶಾಫ್ಟ್‌ಗಳನ್ನು ಡಯಲ್ ಗೇಜಿನಿಂದ ಅಳೆದು ಒಂದೇ ನೇರಕ್ಕೆ ತರದಿದ್ದರೆ ಶಾಫ್ಟು ತಿರುಗುವಾಗ ಓಲಾಡುತ್ತದೆ, ವೇಗ ಹೆಚ್ಚಿದಂತೆ ಸೀಲಿನ ಲಿಪ್ (ಶಾಫ್ಟಿಗೆ ಒತ್ತಿಕೊಂಡಿರುವ ಅಂಚು) ಆ ಓಲಾಟವನ್ನು ಹಿಂಬಾಲಿಸಲಾರದೆ ಪ್ರತಿ ಸುತ್ತಿನಲ್ಲೂ ಸಂದು ಬಿಡುತ್ತದೆ. ಅನೇಕ ಎಂಜಿನ್‌ಗಳಿಗೆ 0.05 ಮಿ.ಮೀ.ಗಿಂತ ಹೆಚ್ಚಿನ ಓಲಾಟ ಸಲ್ಲದು. ನಿಮ್ಮ ಎಂಜಿನಿನ ಮಿತಿಯನ್ನು ಅದರ ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಮೇನ್ ಬೇರಿಂಗ್ ಸವೆದಿದ್ದರೂ ಪರಿಣಾಮ ಇದೇ, ಆದ್ದರಿಂದ ಬೇರಿಂಗ್ ಹಳೆಯದನ್ನೇ ಉಳಿಸಿಕೊಂಡು ಸೀಲ್ ಮಾತ್ರ ಹೊಸದು ಹಾಕುವುದನ್ನು ನಾನು ಒಪ್ಪುವುದಿಲ್ಲ.

ಬಳಿಕ, ಸೀಲ್ ಉಜ್ಜುವ ಜಾಗದ ಮೇಲೆ ಉಗುರನ್ನು ಶಾಫ್ಟಿನ ಉದ್ದಕ್ಕೆ ಎಳೆದು ನೋಡಿ. ಹಳೆಯ ಸೀಲು ಕೊರೆದ ಗೆರೆಗೆ ಉಗುರು ಸಿಕ್ಕಿಕೊಂಡರೆ, ಅಥವಾ ನಿಂತ ಕಾಲದ ತುಕ್ಕು ಅಲ್ಲಿ ಸಣ್ಣ ಗುಂಡಿಗಳನ್ನು ಮಾಡಿದ್ದರೆ, ಎಂಥ ಒಳ್ಳೆಯ ಸೀಲೂ ಅಲ್ಲಿ ಬಾಳದು. ಅದನ್ನು ಎಮರಿ ಕಾಗದದಿಂದ ಉದ್ದುದ್ದಕ್ಕೆ ತಿಕ್ಕಿದರೆ ಆಯಿಲ್ ಹರಿಯಲು ಹೊಸ ದಾರಿಗಳೇ ಆಗುತ್ತವೆ. ಸರಿಯಾದ ಪರಿಹಾರವೆಂದರೆ ತೆಳುವಾದ ಉಕ್ಕಿನ ಸ್ಲೀವ್ ತೊಡಿಸುವುದು, ಇಲ್ಲವೇ ಆಯಿಲ್ ರಂಧ್ರ ಮುಚ್ಚದಂತೆ ಎಚ್ಚರವಹಿಸಿ, ಸೀಲಿನ ಜಾಗವನ್ನು ತುಸು ಹಿಂದೆ ಮುಂದೆ ಮಾಡುವುದು.

ಜೋಡಿಸುವಾಗಿನ ತಪ್ಪುಗಳೂ ಕಡಿಮೆಯಲ್ಲ. ಶಾಫ್ಟಿನಲ್ಲಿ ಕೀ (ಚಕ್ರ ಜಾರದಂತೆ ಹಿಡಿಯುವ ಸಣ್ಣ ಲೋಹದ ತುಂಡು) ಕೂರುವ ತೋಡಿನ ಅಂಚು ಲಿಪ್ಪನ್ನು ಬ್ಲೇಡಿನಂತೆ ಸೀಳುತ್ತದೆ, ಆದ್ದರಿಂದ ಆ ಭಾಗಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಲಿಪ್ಪಿಗೆ ಆಯಿಲ್ ಸವರಿಯೇ ಸೀಲ್ ತೂರಿಸಬೇಕು. ಸುತ್ತಿಗೆಯ ಏಟಿಗೆ ಒಳಗಿನ ಸ್ಪ್ರಿಂಗ್ ಕಳಚಿಕೊಳ್ಳುವುದುಂಟು. ದಶಕಗಳ ಕಾಲ ಪೆಟ್ಟಿಗೆಯಲ್ಲೇ ಇದ್ದ ಹಳೆಯ ಸರಕಿನ ಸೀಲ್ ಗಟ್ಟಿಯಾಗಿರಬಹುದು. ಎಥನಾಲ್ ಬೆರೆತ ಪೆಟ್ರೋಲ್ ಬಳಸುವವರು ನೈಟ್ರೈಲ್ ರಬ್ಬರಿನದಕ್ಕಿಂತ ವೈಟನ್ (ಒಂದು ಬಗೆಯ ಫ್ಲೋರೋ ರಬ್ಬರ್) ಸೀಲನ್ನೇ ಆರಿಸಿಕೊಳ್ಳುವುದು ಒಳಿತು.

ಎಂಜಿನನ್ನು ಮತ್ತೆ ಬೈಕಿಗೆ ಕೂರಿಸುವ ಮೊದಲು ಕಾರ್ಬ್ಯುರೇಟರ್ ಮತ್ತು ಸೈಲೆನ್ಸರ್ ಬಾಯಿಗಳನ್ನು ಮುಚ್ಚಿ, ಸುಮಾರು 6 ಪಿಎಸ್‌ಐ ಗಾಳಿ ತುಂಬಿ, ಸೀಲು ಮತ್ತು ಕೇಸಿನ ಜೋಡಣೆಯ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಬೇಕು. ಒತ್ತಡ ಅದಕ್ಕಿಂತ ಹೆಚ್ಚಾದರೆ ಸರಿಯಿರುವ ಸೀಲೂ ಜಾಗ ಬಿಡಬಹುದು. ಆದರೆ ಕೇಸಿನೊಳಗಿನ ಒತ್ತಡವು ಲಿಪ್ಪನ್ನು ಶಾಫ್ಟಿಗೆ ಇನ್ನಷ್ಟು ಅಮುಕುವುದರಿಂದ, ಸೋರುವ ಸೀಲು ಈ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು. ಆದ್ದರಿಂದ ಕೈಪಂಪಿನಿಂದ ಗಾಳಿ ಹೊರಗೆಳೆದು ನಿರ್ವಾತ ನಿಲ್ಲುತ್ತದೆಯೇ ಎಂದೂ ನೋಡಿ. ನಿಮ್ಮ ಎಂಜಿನ್ ಆಯಿಲನ್ನು ಒಳಕ್ಕೆ ಎಳೆದುಕೊಳ್ಳುತ್ತಿರುವುದರಿಂದ ನಿರ್ಣಾಯಕವಾಗುವುದು ಈ ಎರಡನೆಯ ಪರೀಕ್ಷೆಯೇ.