ಎರಡನೇ ಆಪರೇಷನ್ ಬಗ್ಗೆ ಮೊದಲು ಕೇಳಿ

ಓದುಗರ ಪತ್ರದ ಸಾರ: ನನಗೆ 29 ವರ್ಷ. ಎದೆ ಚಪ್ಪಟೆ ಅನ್ನೋ ಕೊರಗು ಹೈಸ್ಕೂಲಿನಿಂದಲೂ ಇದೆ. ಈಗ ಸ್ವಂತ ದುಡಿಮೆ ಇದೆ, ಸ್ತನ ದೊಡ್ಡದು ಮಾಡಿಸಿಕೊಳ್ಳುವ ಸರ್ಜರಿಗೆ ಮನಸ್ಸು ಮಾಡಿದ್ದೇನೆ. ಒಂದು ಸಲ ಮಾಡಿಸಿದರೆ ಮುಗೀತು, ಅಲ್ವಾ? ನೋವು ಎಷ್ಟು ದಿನ ಇರುತ್ತೆ? ಮುಂದೆ ಮಗುವಿಗೆ ಹಾಲು ಕುಡಿಸಬಹುದಾ? ದಯವಿಟ್ಟು ಬುದ್ಧಿ ಹೇಳಬೇಡಿ, ವಿಷಯ ಹೇಳಿ.

ಸಂಪಾದಕರ ಉತ್ತರ:

ಬುದ್ಧಿ ಹೇಳುವುದಿಲ್ಲ. ದೇಹ ನಿಮ್ಮದು, ದುಡ್ಡು ನಿಮ್ಮದು, ತೀರ್ಮಾನವೂ ನಿಮ್ಮದೇ. ಆದರೆ ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳಬೇಕು. ಇಲ್ಲ, ಒಂದು ಸಲಕ್ಕೆ ಮುಗಿಯುವುದಿಲ್ಲ.

ಈ ಸರ್ಜರಿಯಲ್ಲಿ ಸ್ತನದೊಳಗೆ ಇಡುವ ಇಂಪ್ಲಾಂಟ್ ಅಂದರೆ ಸಿಲಿಕೋನ್ ಚೀಲ. ಒಳಗೆ ದಪ್ಪನೆಯ ಸಿಲಿಕೋನ್ ಜೆಲ್ ಇರುತ್ತದೆ, ಇಲ್ಲವೇ ಉಪ್ಪುನೀರು. ಎರಡೂ ಜೀವನಪೂರ್ತಿ ಬಾಳಿಕೆ ಬರುವ ವಸ್ತುವಲ್ಲ. ಕೆಲವರಿಗೆ ಹತ್ತು ಹದಿನೈದು ವರ್ಷ ಏನೂ ಆಗುವುದಿಲ್ಲ, ಇನ್ನು ಕೆಲವರು ಒಂದೆರಡು ವರ್ಷದಲ್ಲೇ ಮತ್ತೆ ಆಪರೇಷನ್ ಟೇಬಲ್ ಹತ್ತುತ್ತಾರೆ. ವರ್ಷ ಕಳೆದಷ್ಟೂ ಆ ಸಾಧ್ಯತೆ ಜಾಸ್ತಿ. ನಿಮ್ಮ ವಯಸ್ಸಿಗೆ ಮುಂದೆ ಇನ್ನೊಂದಾದರೂ ಆಪರೇಷನ್ ಇದ್ದೇ ಇರುತ್ತದೆ ಎಂದುಕೊಂಡೇ ಲೆಕ್ಕ ಹಾಕಿ.

ಯಾಕೆ ಹೀಗೆ? ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಇದು ಎಲ್ಲರಿಗೂ ಆಗುತ್ತದೆ. ಬಹಳಷ್ಟು ಜನರಲ್ಲಿ ಅದು ತೆಳ್ಳಗೆ, ಮೆತ್ತಗೆ ಉಳಿಯುತ್ತದೆ. ಕೆಲವರಲ್ಲಿ ಮಾತ್ರ ಬಿಗಿಯುತ್ತಾ ಹೋಗಿ ಇಂಪ್ಲಾಂಟನ್ನು ಹಿಂಡುತ್ತದೆ. ಆಗ ಎದೆ ಗಟ್ಟಿಯಾಗುತ್ತದೆ, ಒಂದು ಕಡೆ ಮೇಲಕ್ಕೆ ಸರಿದು ಉಂಡೆಯ ಹಾಗೆ ಕಾಣುತ್ತದೆ, ಮುಟ್ಟಿದರೆ ನೋವು. ಹೀಗೆ ಜೋರಾದ ಮೇಲೆ ಸಾಮಾನ್ಯವಾಗಿ ಮತ್ತೆ ಕೊಯ್ದು ಸರಿಮಾಡಬೇಕು. ಸರಿಮಾಡಿದ ಮೇಲೂ ಮರುಕಳಿಸಬಹುದು.

ಇನ್ನು ಸೋರಿಕೆ. ಉಪ್ಪುನೀರಿನದು ಒಡೆದರೆ ಆ ಬದಿ ಕುಗ್ಗಿಬಿಡುತ್ತದೆ, ನಿಮಗೇ ಗೊತ್ತಾಗುತ್ತದೆ. ಜೆಲ್ ಹಾಗಲ್ಲ. ಚೀಲ ಹರಿದರೂ ಜೆಲ್ ಇದ್ದಲ್ಲೇ ಇರಬಹುದು. ನೋವಿಲ್ಲ, ಆಕಾರವೂ ಬದಲಾಗಿಲ್ಲ, ಆದರೆ ಒಳಗೆ ಹರಿದಿದೆ! ಅದಕ್ಕೇ ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಜೆಲ್ ಇಂಪ್ಲಾಂಟ್ ಇರುವವರಿಗೆ 5–6 ವರ್ಷಕ್ಕೆ ಮೊದಲ ಸಲ, ಆಮೇಲೆ 2–3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಲು ಹೇಳುತ್ತದೆ. ಆಪರೇಷನ್ನಿಗೆ ದುಡ್ಡು ಕೂಡಿಡುವವರು ಈ ಸ್ಕ್ಯಾನಿಂಗ್ ಖರ್ಚನ್ನು ಸಾಮಾನ್ಯವಾಗಿ ಮರೆತಿರುತ್ತಾರೆ.

ಆಪರೇಷನ್ ಒಂದೆರಡು ಗಂಟೆಯ ಕೆಲಸ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುತ್ತಾರೆ, ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಮೊದಲ ರಾತ್ರಿ ಜೊತೆಗೆ ಯಾರಾದರೂ ಇರಲೇಬೇಕು. ನೋವಿಗಿಂತ ಎದೆಯ ಬಿಗಿತ, ಭಾರ ಜಾಸ್ತಿ ಕಾಡುತ್ತದೆ, ಅದರಲ್ಲೂ ಸ್ನಾಯುವಿನ ಕೆಳಗೆ ಇಟ್ಟಿದ್ದರೆ. ತಲೆ ಬಾಚಲು ಕೈ ಎತ್ತುವುದೂ ಕಷ್ಟ. ಮುಂದೆ ಗುಂಡಿ ಇರುವ ಬಟ್ಟೆ ತೆಗೆದಿಟ್ಟುಕೊಳ್ಳಿ, ಮೇಲಿನ ಶೆಲ್ಫಿನ ಸಾಮಾನನ್ನು ಮೊದಲೇ ಕೆಳಗಿಳಿಸಿ. ಕೂತು ಮಾಡುವ ಕೆಲಸಕ್ಕೆ ವಾರ, ಹತ್ತು ದಿನದಲ್ಲಿ ಹೋಗಬಹುದು. ಭಾರ ಎತ್ತುವುದು, ಜಿಮ್ಮು ಅಂದರೆ 4ರಿಂದ 6 ವಾರ ತಡೆಯಬೇಕು. ಸಿಗರೇಟಿನ ಅಭ್ಯಾಸ ಇದ್ದರೆ ವಾರಗಳ ಮುಂಚೆಯೇ ನಿಲ್ಲಿಸಿ, ಗಾಯ ಮಾಯುವುದಕ್ಕೆ ಅದು ದೊಡ್ಡ ಅಡ್ಡಿ. ಒಂದೇ ಬದಿ ದಿಢೀರ್ ಊದಿಕೊಂಡರೆ, ಜ್ವರ ಬಂದರೆ, ಹೊಲಿಗೆಯಲ್ಲಿ ಕೀವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಕನ್ನಡಿ ನೋಡಿ ಗಾಬರಿಯಾಗಬೇಡಿ. ಶುರುವಿನಲ್ಲಿ ಎರಡೂ ತೀರಾ ಮೇಲೆ ಕೂತಿರುತ್ತವೆ, ಚರ್ಮ ಹೊಳೆಯುವಷ್ಟು ಬಿಗಿದಿರುತ್ತದೆ, ಒಂದರಂತೆ ಇನ್ನೊಂದು ಇರುವುದಿಲ್ಲ. ಕೆಳಗಿಳಿದು ಸಹಜ ಆಕಾರಕ್ಕೆ ಬರಲು ತಿಂಗಳುಗಳೇ ಬೇಕು. ತೊಟ್ಟಿನ ಸ್ಪರ್ಶ ಮಂಕಾಗಬಹುದು, ಇಲ್ಲವೇ ಬಟ್ಟೆ ತಾಗಿದರೂ ಚುರುಕ್ ಅನ್ನಬಹುದು. ಬಹುಪಾಲು ಸರಿಹೋಗುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ.

ಹಾಲಿನ ವಿಷಯ. ಇಂಪ್ಲಾಂಟ್ ಇರುವ ಎಷ್ಟೋ ತಾಯಂದಿರು ಹಾಲು ಕುಡಿಸುತ್ತಾರೆ. ಆದರೆ ಸಾಕಾಗುವಷ್ಟು ಬರುತ್ತದೆ ಎಂದು ಯಾರೂ ಮಾತು ಕೊಡಲಾರರು. ತೊಟ್ಟಿನ ಸುತ್ತ ಕೊಯ್ದರೆ ಹಾಲಿನ ನಾಳ, ನರಗಳಿಗೆ ಪೆಟ್ಟಾಗುವ ಭಯ ಹೆಚ್ಚು. ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ದರೆ ಕಡಿಮೆ. ಮಗು ಬೇಕು ಅನ್ನುವ ಆಸೆಯನ್ನು ಮೊದಲ ಭೇಟಿಯಲ್ಲೇ ಹೇಳಿ. ಬಸುರಿ, ಬಾಣಂತನದಲ್ಲಿ ಸ್ತನದ ಆಕಾರ ಹೇಗೂ ಬದಲಾಗುತ್ತದೆ. ಒಂದೆರಡು ವರ್ಷದಲ್ಲೇ ಮಗು ಮಾಡಿಕೊಳ್ಳುವುದಾದರೆ ಕಾಯುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಕ್ಯಾನ್ಸರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಮೇಲ್ಮೈ ತರಿತರಿಯಾಗಿರುವ ಇಂಪ್ಲಾಂಟುಗಳಿಗೂ ಒಂದು ಬಗೆಯ ಲಿಂಫೋಮಾಕ್ಕೂ, ಅಂದರೆ ರೋಗನಿರೋಧಕ ಕಣಗಳ ಕ್ಯಾನ್ಸರಿಗೂ, ನಂಟಿದೆ. ಇದು ಸ್ತನ ಕ್ಯಾನ್ಸರ್ ಅಲ್ಲ, ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಬರುವಂಥದ್ದು, ಅಪರೂಪದ್ದು. ಇದೇ ಕಾರಣಕ್ಕೆ 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಹೆಸರಿನ ತರಿತರಿ ಮೇಲ್ಮೈಯ ಇಂಪ್ಲಾಂಟುಗಳನ್ನು ಜಗತ್ತಿನೆಲ್ಲೆಡೆಯಿಂದ ವಾಪಸ್ ಪಡೆಯಿತು. ಫ್ರಾನ್ಸಿನ ಪಿಐಪಿ ಕಂಪನಿಯಂತೂ ಕಾರ್ಖಾನೆಗೆ ಬಳಸುವ ಸಿಲಿಕೋನನ್ನೇ ತುಂಬುತ್ತಿತ್ತು, ಬಯಲಾದದ್ದು 2010ರಲ್ಲಿ. ಹಾಗಾಗಿ ಕಂಪನಿ, ಮಾದರಿ, ಸೀರಿಯಲ್ ನಂಬರ್ ಇರುವ ಕಾರ್ಡನ್ನು ಕೇಳಿ ಪಡೆದು ಜೋಪಾನ ಮಾಡಿ. ಇಂಪ್ಲಾಂಟ್ ಹಾಕಿಸಿದ ಮೇಲೆ ಸುಸ್ತು, ಕೀಲುನೋವು, ಮರೆವು ಶುರುವಾಯಿತು ಎನ್ನುವ ಹೆಂಗಸರೂ ಇದ್ದಾರೆ. ಕಾರಣ ಇನ್ನೂ ಖಚಿತವಾಗಿಲ್ಲ, ಆದರೆ ತೆಗೆಸಿದ ಮೇಲೆ ಹಗುರವಾಯಿತು ಎಂದವರು ಹಲವರು. ಅವರ ಮಾತನ್ನು ಭ್ರಮೆ ಎಂದು ತಳ್ಳಿಹಾಕುವ ಡಾಕ್ಟರು ನಿಮಗೆ ಬೇಡ.

ಡಾಕ್ಟರ ಹತ್ತಿರ ಹೋದಾಗ ಸೈಜಿನ ಮಾತು ಆಮೇಲೆ ಇರಲಿ. ತೆಗೆಸಬೇಕಾಗಿ ಬಂದರೆ ಎದೆ ಹೇಗೆ ಕಾಣುತ್ತದೆ ಎಂದು ಮೊದಲು ಕೇಳಿ. ಹಿಗ್ಗಿದ ಚರ್ಮ ಜೋತು ಬೀಳಬಹುದು, ಅದನ್ನು ಎತ್ತಿ ಕಟ್ಟಲು ಮತ್ತೊಂದು ಸರ್ಜರಿ ಬೇಕಾಗಬಹುದು. ಪೊರೆ ಬಿಗಿದರೆ, ಚೀಲ ಒಡೆದರೆ ಯಾರ ಖರ್ಚು, ಕಂಪನಿ ಎಷ್ಟು ಕೊಡುತ್ತದೆ, ಆಸ್ಪತ್ರೆ ಎಷ್ಟು ಬಿಡುತ್ತದೆ ಎಂದು ಕೇಳಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಎದ್ದು ಬಂದು ಇನ್ನೊಬ್ಬ ಪ್ಲಾಸ್ಟಿಕ್ ಸರ್ಜನ್‌ರನ್ನು ನೋಡಿ.