ಹದಿನಾಲ್ಕು ವರ್ಷದ ಮಗಳಿಗೆ ಯಾವ ಕನ್ನಡ ಪುಸ್ತಕ ಕೊಡಲಿ?

ಮಗಳಿಗೆ 14 ವರ್ಷ, ಇಂಗ್ಲಿಷ್ ಮೀಡಿಯಂ, ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ವಾರದೊಳಗೆ ಮುಗಿಸುತ್ತಾಳೆ, ಕನ್ನಡ ಪುಸ್ತಕ ಕೊಟ್ಟರೆ ಹತ್ತು ಪುಟ ದಾಟುವುದಿಲ್ಲ, 'ಒಳ್ಳೆಯ ಸಂಸ್ಕಾರ ಕಲಿಸುವ' ಕನ್ನಡ ಪುಸ್ತಕ ಹೇಳಿ ಅಂತ ಕೇಳಿದ್ದೀರಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಶಾಲೆಯ ಲೈಬ್ರರಿ ಬೀಗದ ಕೈಯೂ ನನ್ನ ಹತ್ತಿರವೇ ಇರುತ್ತದೆ. ಅಲ್ಲಿ ಕಂಡದ್ದನ್ನು ನೆಚ್ಚಿಕೊಂಡು ಹೇಳುವುದಾದರೆ, ಸಂಸ್ಕಾರದ ಮಾತನ್ನು ಸದ್ಯಕ್ಕೆ ಬದಿಗಿಡಿ. ಈ ವಯಸ್ಸಿನವರಿಗೆ ಉಪದೇಶದ ವಾಸನೆ ಎರಡನೇ ಪುಟದಲ್ಲೇ ಹೊಡೆಯುತ್ತದೆ. ಮುಚ್ಚಿಟ್ಟ ಪುಸ್ತಕವನ್ನು ಆಮೇಲೆ ಎಷ್ಟು ಗೋಗರೆದರೂ ತೆರೆಯುವುದಿಲ್ಲ.

ನಿಮ್ಮ ಮಗಳಿಗೆ ಓದಿನ ರುಚಿ ಇದ್ದೇ ಇದೆ. ಕನ್ನಡದಲ್ಲಿ ಕೈಕೊಡುತ್ತಿರುವುದು ವೇಗ. ಇಂಗ್ಲಿಷ್ ಸಾಲಿನ ಮೇಲೆ ಕಣ್ಣು ಓಡುತ್ತದೆ, ಕನ್ನಡದಲ್ಲಿ ಒತ್ತಕ್ಷರ ಸಿಕ್ಕಲ್ಲೆಲ್ಲ ನಿಲ್ಲುತ್ತದೆ. ಬುದ್ಧಿಗೆ ತಕ್ಕ ಪುಸ್ತಕ ಕೊಟ್ಟರೆ ಕಣ್ಣು ಸೋಲುತ್ತದೆ. ಕಣ್ಣಿಗೆ ತಕ್ಕದ್ದು ಅಂತ ಕಾಗೆ-ಗುಬ್ಬಿಯ ಕತೆ ಕೊಟ್ಟರೆ ಅವಳಿಗೆ ಅವಮಾನ. ಆದ್ದರಿಂದ ಮೊದಲ ಎರಡು ಮೂರು ಪುಸ್ತಕಗಳಿಗೆ ಒಂದೇ ಪರೀಕ್ಷೆ ಸಾಕು: 'ಮುಂದೇನಾಯ್ತು?' ಅನ್ನುವ ತವಕದಲ್ಲಿ ಒತ್ತಕ್ಷರ ಮರೆತುಹೋಗಬೇಕು.

ಆ ಲೆಕ್ಕದಲ್ಲಿ ನಾನು ಕಣ್ಣು ಮುಚ್ಚಿಕೊಂಡು ಕೊಡುವುದು ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು'. ಕೆನೆತ್ ಆಂಡರ್ಸನ್ ಬರೆದ ಬೇಟೆಯ ಅನುಭವಗಳನ್ನು ತೇಜಸ್ವಿ ತಮ್ಮದೇ ಧಾಟಿಯಲ್ಲಿ ಕನ್ನಡಕ್ಕೆ ತಂದದ್ದು, ನಾಲ್ಕು ಭಾಗ. ನರಭಕ್ಷಕ ಹುಲಿ, ಚಿರತೆ, ಹಳ್ಳಿಯವರ ಭಯ, ರಾತ್ರಿಯಿಡೀ ಮರದ ಮೇಲೆ ಕಾಯುವುದು, ಎಲ್ಲ ಇದೆ. ಮಾಗಡಿ, ಜಾಲಹಳ್ಳಿ ಅಂತ ಗೊತ್ತಿರುವ ಹೆಸರುಗಳೇ ಬರುತ್ತವೆ. ಜಾಲಹಳ್ಳಿಯಲ್ಲಿ ಚಿರತೆ ಓಡಾಡುತ್ತಿತ್ತು ಅಂದರೆ ಬೆಂಗಳೂರಿನ ಮಕ್ಕಳು ನಂಬುವುದೇ ಇಲ್ಲ, ನಂಬದೆಯೇ ಕೊನೆತನಕ ಓದುತ್ತಾರೆ. ಒಂದೊಂದೂ ಬಿಡಿ ಕತೆಯಾದ್ದರಿಂದ ಒಂದು ಮುಗಿಸಿದರೂ ಏನೋ ಮುಗಿಸಿದ ಸಮಾಧಾನ ಸಿಗುತ್ತದೆ.

ಅದು ಹಿಡಿಸಿದರೆ ಅದೇ ಲೇಖಕರ 'ಕರ್ವಾಲೊ'. 1980ರ ಕಾದಂಬರಿ, ಮೂಡಿಗೆರೆಯ ಸುತ್ತಮುತ್ತ ನಡೆಯುತ್ತದೆ. ಹಾರುವ ಓತಿಯನ್ನು ಹುಡುಕಿಕೊಂಡು ಒಬ್ಬ ವಿಜ್ಞಾನಿ, ಒಬ್ಬ ರೈತ, ಒಂದು ನಾಯಿ, ಜೊತೆಗೆ ಚಿತ್ರವಿಚಿತ್ರವಾದ ನಾಲ್ಕು ಜನ ಕಾಡು ನುಗ್ಗುವ ಕತೆ. ನಮ್ಮ ಮಕ್ಕಳಿಗೆ ಇದು ಯಾಕೆ ಹಿಡಿಸುತ್ತದೆ ಅನ್ನುವುದಕ್ಕೆ ನನ್ನದೇ ಒಂದು ಊಹೆ ಇದೆ: ಮಂದಣ್ಣ. ಜೇನು ಹಿಡಿದುಕೊಂಡು, ಮದುವೆಯ ಕನಸು ಕಾಣುತ್ತ ಅಲೆಯುವ ಇವನು ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನು. ಕರ್ವಾಲೊ ಸಾಹೇಬರ ಕಣ್ಣಿಗೆ ಮಾತ್ರ ಹುಟ್ಟು ವಿಜ್ಞಾನಿ. ಮಾರ್ಕ್ಸ್ ಕಾರ್ಡಿನಲ್ಲೇ ತನ್ನ ಬೆಲೆ ಕಟ್ಟುತ್ತಾರೆ ಅಂತ ಗೊತ್ತಾಗಿರುವ ವಯಸ್ಸಿಗೆ ಮಂದಣ್ಣ ಏನು ಅನ್ನುವುದು ತಾನಾಗಿಯೇ ತಿಳಿಯುತ್ತದೆ. ನೀವು ವಿವರಿಸಲು ಹೋಗಬೇಡಿ, ದಮ್ಮಯ್ಯ.

ಪುಸ್ತಕ ಆರಿಸುವಾಗ ಪುಟಗಳ ಲೆಕ್ಕ ನಂಬಬೇಡಿ. ದೇವನೂರ ಮಹಾದೇವರ 'ಕುಸುಮಬಾಲೆ' ತೀರಾ ತೆಳ್ಳಗಿದೆ, ಆದರೆ ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಎಂ.ಎ. ಓದಿದವರೂ ಅದನ್ನು ಗಟ್ಟಿಯಾಗಿ ಓದಿಕೊಂಡೇ ದಾರಿ ಮಾಡಿಕೊಳ್ಳಬೇಕು. ಕುವೆಂಪು ಅವರ ದೊಡ್ಡ ಕಾದಂಬರಿಗಳನ್ನು ಹುಟ್ಟುಹಬ್ಬಕ್ಕೆ ತಂದುಕೊಡುವ ಅಪ್ಪಂದಿರನ್ನು ನೋಡಿದ್ದೇನೆ. ಶೋಕೇಸಿಗೆ ಚೆನ್ನ. ಅವಕ್ಕೆ ಕಾಲ ಬರುತ್ತದೆ, ಅವಸರ ಬೇಡ.

ಕಾಡು, ಬೇಟೆ ಅವಳಿಗೆ ಸೇರದಿದ್ದರೆ? ನಗು ಇಷ್ಟಪಡುವವಳಾದರೆ ವಸುಧೇಂದ್ರರ 'ನಮ್ಮಮ್ಮ ಅಂದ್ರೆ ನಂಗಿಷ್ಟ' ಕೊಡಿ. ಸಂಡೂರಿನ ಕಡೆಯ ಬಾಲ್ಯ, ಅಮ್ಮನ ಜಗಳ, ಬಡತನದ ಮಧ್ಯೆ ಹಾಸ್ಯ, ಪಕ್ಕದಲ್ಲಿ ಕೂತು ಮಾತಾಡಿದ ಹಾಗಿರುವ ಕನ್ನಡ. ನಿಜ ಜೀವನದ ಕತೆಯೇ ಬೇಕು ಅಂದರೆ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'. ದಲಿತ ಕೇರಿಯ ಹಸಿವು ಅವಮಾನಗಳನ್ನು ಈ ಮನುಷ್ಯ ನಗಿಸುತ್ತಲೇ ಹೇಳಿಬಿಡುತ್ತಾರೆ. ನಕ್ಕಾದ ಮೇಲೆ 'ಅರೆ, ನಾನು ನಕ್ಕಿದ್ದು ಯಾವುದಕ್ಕೆ?' ಅಂತ ಮಕ್ಕಳು ಸುಮ್ಮನಾಗುವುದನ್ನು ಕ್ಲಾಸಿನಲ್ಲೇ ಕಂಡಿದ್ದೇನೆ. ಗಿಡ ಮರ, ಚಿತ್ರ ಬಿಡಿಸುವುದು ಅಂದರೆ ಪ್ರಾಣ ಬಿಡುವ ಹುಡುಗಿಯಾದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಸಸ್ಯಶಾಸ್ತ್ರದ ಮೇಷ್ಟರ ಪುಸ್ತಕ, ರೇಖಾಚಿತ್ರಗಳೂ ಅವರವೇ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೇ. ಭಾಷೆ ಸ್ವಲ್ಪ ಭಾರ, ಹಾಗಾಗಿ ಮೊದಲನೆಯದಾಗಿ ಬೇಡ.

'ದುಃಖದ ಕತೆ ಬೇಡ' ಅಂತಲೂ ಬರೆದಿದ್ದೀರಿ. ಇದೊಂದನ್ನು ನಾನು ಒಪ್ಪುವುದಿಲ್ಲ. ಈ ವಯಸ್ಸಿನವರು ದುಃಖ ತಡೆದುಕೊಳ್ಳುತ್ತಾರೆ, ಬೋಧನೆ ತಡೆದುಕೊಳ್ಳುವುದಿಲ್ಲ. ಶಿವರಾಮ ಕಾರಂತರ 'ಚೋಮನ ದುಡಿ' 1933ರದ್ದು. ಸ್ವಂತಕ್ಕೊಂದು ತುಂಡು ಭೂಮಿ ಉಳಬೇಕು ಅನ್ನುವ ಆಸೆ, ಅಷ್ಟಕ್ಕೂ ಜಾತಿ ಬಿಡುವುದಿಲ್ಲ. ಚಿಕ್ಕ ಪುಸ್ತಕ, ನೇರವಾದ ಕತೆ. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಕೊಡಬಹುದು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕೂಡ ಹಾಗೆಯೇ. ಎಳೆ ವಯಸ್ಸಿನಲ್ಲಿ ಮದುವೆಯಾಗಿ, ಅಪ್ಪನ ಹಟಕ್ಕೆ ತಲಾಖ್ ಆಗಿ ಸಿಕ್ಕಿಬೀಳುವ ನಾದಿರಾಳ ಕತೆ. ಇದನ್ನು ಮೊದಲು ನೀವು ಓದಿ, ಆಮೇಲೆ ಅವಳ ಕೈಗೆ ಕೊಡಿ. ನಿಷೇಧಿಸಲಿಕ್ಕೆ ಅಲ್ಲ, ಅವಳು ರಾತ್ರಿ ಹನ್ನೊಂದಕ್ಕೆ ಬಂದು ಏನಾದರೂ ಕೇಳಿದರೆ ಮಾತಾಡಲಿಕ್ಕೆ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಇಂಗ್ಲಿಷ್ ಓದುವ ಮಕ್ಕಳೂ ಅವರ ಹೆಸರು ಹಿಡಿದು ಕೇಳುತ್ತಾರೆ. ಆ ಕತೆಗಳು ಇನ್ನೂ ಎರಡು ಮೂರು ವರ್ಷ ತಡೆಯಲಿ. ಆಗ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದವನ್ನೂ ಕನ್ನಡವನ್ನೂ ಒಟ್ಟಿಗೆ ಇಟ್ಟು ಓದಿದರೆ ಎರಡೂ ಭಾಷೆ ಬಲ್ಲವಳಿಗೆ ಅದೊಂದು ಮಜಾ.

ಪುಸ್ತಕ ಕೊಡುವ ರೀತಿಯ ಬಗ್ಗೆ ಒಂದೆರಡು ಮಾತು. ಮೊದಲ ಐದಾರು ಪುಟ ನೀವೇ ಗಟ್ಟಿಯಾಗಿ ಓದಿ, ಅಡುಗೆ ಮನೆಯಲ್ಲಾದರೂ ಸರಿ, ಕಾರಿನಲ್ಲಾದರೂ ಸರಿ. ಪಾತ್ರಗಳ ಹೆಸರು, ಊರು, ಮಾತಿನ ಧಾಟಿ ಕಿವಿಗೆ ಬಿದ್ದ ಮೇಲೆ ಕಣ್ಣಿಗೆ ಅರ್ಧ ಕೆಲಸ ಕಡಿಮೆ. ಓದಿದ ಮೇಲೆ 'ಏನು ಕಲಿತೆ?' ಅಂತ ಕೇಳಬೇಡಿ, ಸಾರಾಂಶ ಬರೆಸಬೇಡಿ. ಆ ಕೆಲಸ ಮಾಡಲು ನಾವು ಮೇಷ್ಟರುಗಳು ಬೇಕಾದಷ್ಟಿದ್ದೇವೆ. ಅರ್ಧಕ್ಕೆ ಬಿಟ್ಟರೆ ಬಿಡಲಿ. ಇಂಗ್ಲಿಷ್ ಕಾದಂಬರಿಗಳನ್ನಂತೂ ಕಿತ್ತುಕೊಳ್ಳಲೇಬೇಡಿ. ಅದಕ್ಕೆ ಶಿಕ್ಷೆಯಾಗಿ ಬಂದ ಕನ್ನಡ ಪುಸ್ತಕವನ್ನು ಯಾವ ಹುಡುಗಿಯೂ ಪ್ರೀತಿಸುವುದಿಲ್ಲ.

ಎಲ್ಲವನ್ನೂ ಕೊಳ್ಳಬೇಕಾಗಿಯೂ ಇಲ್ಲ. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವಲ್ಲ, ಆ ದುಡ್ಡಿನ ಲೈಬ್ರರಿ ನಿಮ್ಮ ಬಡಾವಣೆಯ ಹತ್ತಿರವೇ ಎಲ್ಲೋ ಇರುತ್ತದೆ. ಅವಳನ್ನೇ ಕರೆದುಕೊಂಡು ಹೋಗಿ ಕಪಾಟಿನ ಮುಂದೆ ಬಿಟ್ಟು ನೀವು ದಿನಪತ್ರಿಕೆ ಓದುತ್ತ ಕೂತುಬಿಡಿ. ಅವಳು ಹಳೆಯ ಪತ್ತೇದಾರಿ ಕಾದಂಬರಿ ಆರಿಸಿಕೊಂಡು ಬಂದರೂ ಮುಖ ಗಂಟಿಕ್ಕಬೇಡಿ, ಕಣ್ಣಿಗೆ ವೇಗ ಬರುವುದೇ ಅಂಥವುಗಳಿಂದ.

ಸದ್ಯಕ್ಕೆ 'ಕಾಡಿನ ಕತೆಗಳು' ಒಂದು ಭಾಗ, ವಸುಧೇಂದ್ರರದ್ದೊಂದು, ಇಷ್ಟು ತನ್ನಿ. ರಜೆ ಮುಗಿದ ಮೇಲೆ ಯಾವುದನ್ನು ಎಷ್ಟನೇ ಪುಟಕ್ಕೆ ಬಿಟ್ಟಳು ಅಂತ ಬರೆದು ತಿಳಿಸಿ. ಮುಂದಿನದು ಯಾವುದು ಅಂತ ಹೇಳಲು ನನಗೆ ಅದು ಬೇಕು.