ಪಾದ್ರಿಯೂ ಬೆಂಚಿನ ಮೇಲೆ ಕೂರಲಿ

ಓದುಗರ ಪತ್ರ: ನನ್ನ ಅಕ್ಕನ ಮಗ ಗುರುದೀಕ್ಷೆ ಪಡೆದ ಮರುವರ್ಷವೇ ಅವನನ್ನು ದಕ್ಷಿಣ ಜರ್ಮನಿಯ ಒಂದು ಧರ್ಮಪ್ರಾಂತಕ್ಕೆ ಕಳುಹಿಸಿದರು. ಅಲ್ಲಿ ಸೇವೆಗೆ ಹಚ್ಚುವ ಬದಲು ಒಂದು ವರ್ಷ ಭಾಷಾ ಶಾಲೆಯಲ್ಲಿ ಕೂರಿಸಿದ್ದಾರೆ. ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನು ಹದಿನೆಂಟು ವಯಸ್ಸಿನ ನಿರಾಶ್ರಿತ ಹುಡುಗರ ಪಕ್ಕದಲ್ಲಿ ಕುಳಿತು ವಿಭಕ್ತಿ ಪ್ರತ್ಯಯ ಒಪ್ಪಿಸಬೇಕಂತೆ. ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದಲ್ಲ, ಇದೆಲ್ಲ ಯಾಕೆ? ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು, ಭಾನುವಾರ ಒಂದು ಅಂಗಡಿಯೂ ತೆರೆಯುವುದಿಲ್ಲ, ಮಾತಾಡಲು ಜನವಿಲ್ಲ. ಫೋನಿನಲ್ಲಿ ಅವನ ಧ್ವನಿ ಕೇಳಿದರೆ ಸಂಕಟವಾಗುತ್ತದೆ. ಇಂತಹ ಯುವ ಗುರುಗಳ ಕಷ್ಟವನ್ನು ನಿಮ್ಮ ಪತ್ರಿಕೆಯಲ್ಲಿ ಬರೆದು ಮೇಲಿನವರ ಕಣ್ಣು ತೆರೆಸಬಾರದೇ?
– ಬಂಟ್ವಾಳ ತಾಲೂಕಿನ ಓದುಗರೊಬ್ಬರು (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ಚಳಿ ಮತ್ತು ಒಂಟಿತನದ ವಿಚಾರವನ್ನು ಮೊದಲು ಮುಗಿಸಿಬಿಡುತ್ತೇನೆ. ಅದರಲ್ಲಿ ನಿಮ್ಮೊಡನೆ ನನಗೆ ಜಗಳವಿಲ್ಲ. ಕರಾವಳಿಯ ಬೆವರಿನಲ್ಲಿ ಬೆಳೆದ ಹುಡುಗನಿಗೆ ಸೂರ್ಯನೇ ಕಾಣದ ಡಿಸೆಂಬರ್ ಕಷ್ಟವೇ. ಹುಡುಗನಿಗೆ ಒಳ್ಳೆಯ ಕೋಟು ಕೊಡಿಸಲಿ, ಹಿರಿಯ ಗುರುಗಳು ವಾರಕ್ಕೊಮ್ಮೆಯಾದರೂ ಅವನನ್ನು ಊಟಕ್ಕೆ ಕರೆಯಲಿ. ತಮ್ಮಲ್ಲಿ ಗುರುಗಳಿಲ್ಲವೆಂದು ಸಮುದ್ರದಾಚೆಯಿಂದ ಕರೆಸಿಕೊಂಡವರಿಗೆ ಅಷ್ಟು ಹೊಣೆಯಾದರೂ ಇರಬೇಕು.

ಭಾಷಾ ಶಾಲೆಯ ವಿಷಯಕ್ಕೆ ಬಂದರೆ ಮಾತ್ರ ನನ್ನಿಂದ ನಿಮಗೆ ಬೆಂಬಲ ಸಿಗುವುದಿಲ್ಲ. ಒಂದು ವರ್ಷವೇಕೆ, ಎರಡು ವರ್ಷ ಕೂರಿಸಲಿ ಎನ್ನುವವನು ನಾನು. ನಿರಾಶ್ರಿತ ಹುಡುಗರ ಪಕ್ಕದಲ್ಲಿ ಕೂರುವುದು ಅವಮಾನವೆಂದು ಬರೆದಿದ್ದೀರಿ. ಯೇಸುವಿನ ಸೇವೆಗೆ ಹೊರಟವನಿಗೆ ಅದಕ್ಕಿಂತ ಒಳ್ಳೆಯ ಜಾಗ ಆ ದೇಶದಲ್ಲಿ ಯಾವುದಿದೆ, ನೀವೇ ಹೇಳಿ. ಸಿರಿಯಾದಿಂದಲೋ ಅಫ್ಘಾನಿಸ್ತಾನದಿಂದಲೋ ಬಂದ ಆ ಹುಡುಗ ಭಾಷೆ ಕಲಿಯದಿದ್ದರೆ ಕೆಲಸ ಸಿಗುವುದಿಲ್ಲವೆಂದು ಕಲಿಯುತ್ತಿದ್ದಾನೆ. ನಿಮ್ಮ ಅಕ್ಕನ ಮಗನಿಗೂ ಇದೇ ನಿಯಮ, ಅವನ ಕೆಲಸ ಬೇರೆ ಅಷ್ಟೇ.

ಆ ಕೆಲಸ ಏನೆಂದು ಸ್ವಲ್ಪ ಯೋಚಿಸಿ. ಜರ್ಮನಿಯಲ್ಲಿ ಜನ ಚರ್ಚಿನಿಂದ ದೂರ ಸರಿಯುತ್ತಿದ್ದಾರೆ. 2022ರಲ್ಲಿ ಒಂದೇ ವರ್ಷಕ್ಕೆ ಐದು ಲಕ್ಷಕ್ಕಿಂತ ಹೆಚ್ಚು ಕ್ಯಾಥೊಲಿಕರು ಅಧಿಕೃತವಾಗಿ ಹೆಸರು ತೆಗೆಸಿಕೊಂಡರು. ಅಲ್ಲಿ ಆದಾಯ ತೆರಿಗೆಯ ಜೊತೆಗೆ ಚರ್ಚ್ ತೆರಿಗೆಯೂ ಇದೆ, ದಕ್ಷಿಣದ ಎರಡು ರಾಜ್ಯಗಳಲ್ಲಿ ಆದಾಯ ತೆರಿಗೆಯ ಶೇಕಡಾ 8, ಉಳಿದೆಡೆ ಶೇಕಡಾ 9. ಹೆಸರು ತೆಗೆಸಿದರೆ ಆ ದುಡ್ಡು ಜೇಬಿನಲ್ಲೇ ಉಳಿಯುತ್ತದೆ. ಹೀಗೆ ಹೋದವರು ಹೋದ ಮೇಲೆ ಭಾನುವಾರದ ಬಲಿಪೂಜೆಗೆ ಬಂದು ಕೂರುವವರು ಯಾರು? ಬಹುಪಾಲು ಮುದುಕಿಯರು, ಮುದುಕರು. ನೀವು ಹೇಳುವ ‘ಎಲ್ಲರಿಗೂ ಇಂಗ್ಲಿಷ್ ಬರುತ್ತದೆ’ ಎಂಬುದು ವಿಮಾನ ನಿಲ್ದಾಣದ ಸತ್ಯ, ವಿಶ್ವವಿದ್ಯಾಲಯದ ಸತ್ಯ. ಎಂಬತ್ತೈದರ ಅಜ್ಜಿ ಹಾಸಿಗೆ ಹಿಡಿದು ಮಲಗಿರುವಾಗ, ತೈಲ ಹಚ್ಚಿ ಪ್ರಾರ್ಥಿಸಲು ಬಂದ ಪಾದ್ರಿಗೆ ತನ್ನ ಮಗನ ಜೊತೆ ಮಾತು ಬಿಟ್ಟ ಕಥೆಯನ್ನು ಆಕೆ ಇಂಗ್ಲಿಷಿನಲ್ಲಿ ಹೇಳುತ್ತಾಳೆಯೇ? ಪಾಪನಿವೇದನೆಗೆ ಬಂದವರ ಮಾತು ಅರ್ಧ ಅರ್ಥವಾದರೆ ಸಾಕೇ? ಇನ್ನೂ ಒಂದು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಅವನನ್ನು ಹಾಕಿರುವುದು ನೈಋತ್ಯ ಜರ್ಮನಿಯ ಶ್ವಾಬಿಯಾದ ಕಡೆಯಾದರೆ, ಶಾಲೆಯಲ್ಲಿ ಕಲಿತ ಜರ್ಮನ್ ಹಳ್ಳಿಯ ಅಡುಗೆಮನೆಯಲ್ಲಿ ಅರ್ಧಕ್ಕೇ ನಿಂತುಬಿಡುತ್ತದೆ. ಅಲ್ಲಿನ ಆಡುಮಾತು ಉತ್ತರ ಜರ್ಮನಿಯವರಿಗೇ ತಿಣುಕಾಟ. ಶಾಲೆ ಮುಗಿದ ಮೇಲೆ ಅಜ್ಜಿಯರ ಬಳಿ ಎರಡನೆಯ ಶಾಲೆ ಕಾದಿದೆ.

ಶ್ವಾಬಿಯಾ ಎಂದಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ನಿಮ್ಮ ಹುಡುಗ ಹೋಗಿರುವ ದಾರಿಯಲ್ಲೇ ಎದುರಿನಿಂದ ಒಬ್ಬ ಹುಡುಗ ನಮ್ಮಲ್ಲಿಗೆ ಬಂದಿದ್ದ. ವ್ಯುರ್ಟೆಂಬರ್ಗಿನ ಬ್ರಾಕೆನ್‌ಹೈಮಿನಲ್ಲಿ 1811ರಲ್ಲಿ ಹುಟ್ಟಿ, ಟ್ಯೂಬಿಂಗನ್ನಿನಲ್ಲಿ ಓದಿ, 1836ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕಡೆಯಿಂದ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್. ನೀವು ಕ್ಯಾಥೊಲಿಕರು, ಅವರು ಪ್ರಾಟೆಸ್ಟೆಂಟರು, ಆ ವ್ಯತ್ಯಾಸ ಬಲ್ಲೆ. ಮತಪ್ರಚಾರಕ್ಕೆಂದೇ ಬಂದವರನ್ನು ಏಕೆ ಹೊಗಳುತ್ತೀರಿ ಎಂದು ಬೇರೆ ಓದುಗರು ಬರೆಯುವುದೂ ಗೊತ್ತು. ಅದಕ್ಕೇ ಬಂದವರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ಬಂದ ಏಳನೆಯ ವರ್ಷ, 1843ರ ಜುಲೈ 1ರಂದು, ಕಲ್ಲಚ್ಚಿನಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದಾಗ ಕನ್ನಡಕ್ಕೆ ಮೊದಲ ಪತ್ರಿಕೆ ಬಂತು. ಈ ಅಂಕಣವನ್ನು ಬರೆಯುವ ನನ್ನ ಕಸುಬಿಗೆ ಮೂಲಪುರುಷ ಅವರು. 1848ರಿಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ದಾಸರ ಪದಗಳನ್ನು ಪಾದ್ರಿಯೊಬ್ಬರು ಅಚ್ಚಿಗೆ ಕೊಡಬೇಕಾದರೆ ಎಷ್ಟು ಬೆಂಚಿನ ಮೇಲೆ ಕುಳಿತಿರಬೇಕು! ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು ತೀರಿಕೊಂಡದ್ದು ನೆಕ್ಕರ್ ದಂಡೆಯ ಎಸ್ಲಿಂಗನ್ನಿನಲ್ಲಿ, 1881ರಲ್ಲಿ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ನಿಮ್ಮ ಹುಡುಗನಿಗೆ ಭಾನುವಾರ ಅಂಗಡಿ ಮುಚ್ಚಿರುವ ಬೇಸರವಿದ್ದರೆ ಅಲ್ಲಿಗೆ ಹೋಗಿ ಬರಲಿ.

ಆಗಿನ ಬಾಸೆಲ್ ಮಿಷನ್ನಿನ ಶಿಸ್ತಿನ ಮುಂದೆ ಈಗಿನ ಭಾಷಾ ಶಾಲೆ ತವರುಮನೆ. ಹೊಸದಾಗಿ ಬಂದ ಮಿಷನರಿ, ಭಾಷೆ ಕಲಿಸುವ ಮುನ್ಶಿಯ ಮುಂದೆ ಕುಳಿತು ಭಾಷೆ ಕಲಿಯಬೇಕು. ಬಂದು ಎರಡು ವರ್ಷವಾಗುವ ತನಕ ಮದುವೆಯ ಮಾತೆತ್ತುವಂತಿಲ್ಲ, ಆಮೇಲೂ ಬಾಸೆಲಿನ ಸಮಿತಿ ಒಪ್ಪಬೇಕು. ಊರಿಗೆ ಫೋನಿಲ್ಲ. ಹಡಗು ಆಫ್ರಿಕಾದ ದಕ್ಷಿಣದ ಕೇಪ್ ಸುತ್ತಿ ಬರಲು ತಿಂಗಳುಗಳು. ಇಂತಹ ಶಿಸ್ತಿಗೆ ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದಾಗ ವಯಸ್ಸು ಇಪ್ಪತ್ತೊಂದು. ಮಂಗಳೂರು, ಮಡಿಕೇರಿ, ಧಾರವಾಡ ಎಂದು ಸುತ್ತಿ, ಕನ್ನಡದ ಛಂದಸ್ಸಿಗೆ ಮನಸೋತು, 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ದೇಸಿ ಮಟ್ಟುಗಳಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. ಊರಿಗೆ ಹೋಗಿ ನೆಲೆಸಬಹುದಾಗಿದ್ದ ಮನುಷ್ಯ ಕನ್ನಡ–ಇಂಗ್ಲಿಷ್ ನಿಘಂಟಿಗಾಗಿ 1883ರಲ್ಲಿ ಮತ್ತೆ ಇಲ್ಲಿಗೆ ಬಂದರು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದ.

ನಿಮ್ಮವರದೇ ಉದಾಹರಣೆ ಬೇಕೆಂದರೆ ಅದೂ ಇದೆ. ಇಂಗ್ಲೆಂಡಿನ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ 1579ರಲ್ಲಿ ಗೋವಾಕ್ಕೆ ಬಂದರು. ಸಾಸಷ್ಟಿಯ ಹಳ್ಳಿಗಳಲ್ಲಿ ದುಡಿದು, 1616ರಲ್ಲಿ ಓವಿ ಛಂದಸ್ಸಿನಲ್ಲಿ ಮರಾಠಿಯ ‘ಕ್ರಿಸ್ತಪುರಾಣ’ವನ್ನು ಕೊಟ್ಟರು. ನಿಮ್ಮ ಮನೆಮಾತು ಕೊಂಕಣಿಗೆ ಅವರು ಬರೆದ ವ್ಯಾಕರಣ, ಅವರು ತೀರಿಹೋದ ಮೇಲೆ, 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅದೇ ಗೋವಾದಲ್ಲಿ 1684ರಲ್ಲಿ ಪೋರ್ಚುಗೀಸ್ ವೈಸರಾಯ್ ಕೊಂಕಣಿಯನ್ನು ಮೂರು ವರ್ಷದೊಳಗೆ ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ಫರ್ಮಾನು ಹೊರಡಿಸಿದ. ಒಂದೇ ದೇವರ ಹೆಸರು ಹೇಳುತ್ತ ಒಬ್ಬ ಜನರ ಭಾಷೆ ಕಲಿತ, ಇನ್ನೊಬ್ಬ ಅದನ್ನು ಕಿತ್ತುಹಾಕಲು ಹೊರಟ. ‘ಇಂಗ್ಲಿಷ್ ಸಾಕು’ ಎನ್ನುವಾಗ ನೀವು ಯಾರ ಸಾಲಿನಲ್ಲಿ ನಿಂತಿದ್ದೀರಿ ಎಂದು ನೋಡಿಕೊಳ್ಳಿ. ಸಿಟ್ಟಾಗಬೇಡಿ. ನಿಮ್ಮ ಪೂರ್ವಿಕರು ಗೋವಾ ಬಿಟ್ಟು ತುಳುನಾಡಿಗೆ ಬಂದಾಗ ತುಳುವನ್ನೂ ಕನ್ನಡವನ್ನೂ ಕಲಿತರು, ಕೊಂಕಣಿಯನ್ನೂ ಬಿಡಲಿಲ್ಲ. ಅಂತಹ ಮನೆತನದ ಹುಡುಗನಿಗೆ ನಾಲ್ಕನೆಯದೋ ಐದನೆಯದೋ ಭಾಷೆ ಯಾವ ಲೆಕ್ಕ!

ಮಂಗಳೂರಿನಿಂದ ಅತ್ತ ಹೋದವರಲ್ಲಿ ಇವನೇ ಮೊದಲಿಗನೂ ಅಲ್ಲ. ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾಗಿ, ಎರಡು ವರ್ಷದ ಮೇಲೆ ಬಾಸೆಲಿಗೆ ಹೋಗಿ, ಆ ಚಳಿಯಲ್ಲೇ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿದರು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವರು. ಜರ್ಮನ್ ಮಾತಾಡುವ ಬಾಸೆಲಿನಲ್ಲಿ ಆ ಇಂಗ್ಲಿಷ್ ಎಷ್ಟು ಕೆಲಸಕ್ಕೆ ಬಂದಿರಬೇಕು, ಊಹಿಸಿ.

ತಾಂಜಾನಿಯಾದ ಹಳ್ಳಿ ಆಸ್ಪತ್ರೆಯಲ್ಲಿ ಬಹುಕಾಲ ದಾದಿಯಾಗಿದ್ದು ಮರಳಿದ ಸಿಸ್ಟರ್ ಒಬ್ಬರು ನಮ್ಮ ಕಚೇರಿಗೆ ಆಗಾಗ ಬರುತ್ತಾರೆ. ಮೊದಲ ತಿಂಗಳುಗಳಲ್ಲಿ ತಮ್ಮ ಸ್ವಾಹಿಲಿ ಕೇಳಿ ವಾರ್ಡಿಗೆ ವಾರ್ಡೇ ನಗುತ್ತಿತ್ತು ಎಂದು ಅವರು ಹೇಳುವಾಗ ಮುಖದಲ್ಲಿ ನಾಚಿಕೆ ಇರುವುದಿಲ್ಲ. ನಗಿಸಿದ ದಾದಿಯ ಕೈಯಿಂದ ಔಷಧ ಕುಡಿಯಲು ಮಕ್ಕಳು ಹಠ ಮಾಡುತ್ತಿರಲಿಲ್ಲವಂತೆ. ಅದೇ ಊರಿನಲ್ಲಿ ಭಾರತದವರೇ ಆದ ಇನ್ನೊಬ್ಬರು ಇಂಗ್ಲಿಷಿನಲ್ಲೇ ಆಡಳಿತ ನಡೆಸಿ, ಬಿಡುವಿನ ವೇಳೆಯೆಲ್ಲ ನಮ್ಮವರ ಮನೆಗಳಲ್ಲಿ ಸಾರನ್ನ ಉಂಡು, ಊರಿನ ಒಬ್ಬರ ಹೆಸರೂ ನೆನಪಿಲ್ಲದೆ ವಾಪಸಾದರಂತೆ. ನಿಮ್ಮ ಹುಡುಗನಿಗೂ ಅಲ್ಲಿ ಮಂಗಳೂರಿನವರ ಕೂಟಗಳು ಸಿಗುತ್ತವೆ. ಕ್ರಿಸ್ಮಸ್ಸಿಗೆ ಹೋಗಲಿ, ಮರಿಯಮ್ಮನ ಮೊಂತಿ ಹಬ್ಬಕ್ಕೆ ಹೋಗಲಿ. ಪ್ರತಿ ಶನಿವಾರ ಹೋಗತೊಡಗಿದರೆ ಮಾತ್ರ ನನಗೊಂದು ಪತ್ರ ಹಾಕಿ.

ನನ್ನ ಹೊಟ್ಟೆಯುರಿ ಬೇರೆಯೇ ಇದೆ, ನೀವು ಕೆದಕಿದ್ದರಿಂದ ಹೇಳುತ್ತೇನೆ. ಜರ್ಮನಿಯ ಒಂದು ಧರ್ಮಪ್ರಾಂತ, ಜನ ಖಾಲಿಯಾಗುತ್ತಿರುವ ಈ ಹೊತ್ತಿನಲ್ಲೂ, ಗುರುಗಳಿಲ್ಲದ ಈ ಬರದಲ್ಲೂ, ‘ನಮ್ಮವರ ಮಾತು ಕಲಿಯದೆ ಪೀಠ ಹತ್ತಬೇಡ’ ಎಂದು ಹೇಳುವ ಗತ್ತು ಉಳಿಸಿಕೊಂಡಿದೆ. ನಮ್ಮಲ್ಲಿ? ನನ್ನ ಊರಿನ ಬ್ಯಾಂಕಿಗೆ ಹೊರರಾಜ್ಯದ ಅಧಿಕಾರಿ ವರ್ಗವಾಗಿ ಬಂದು ವರ್ಷಗಳಾದವು. ಪಿಂಚಣಿಗೆ ಬಂದ ಮುದುಕಿಗೆ ಅವರು ಹೇಳುವುದು ತಿಳಿಯುವುದಿಲ್ಲ, ಸಾಲಿನಲ್ಲಿ ನಿಂತ ನಾವೇ ದುಭಾಷಿಗಳು. ತಪ್ಪು ಅಧಿಕಾರಿಯದ್ದಷ್ಟೇ ಎನ್ನಲಾರೆ. ಅವರು ಒಂದು ಕನ್ನಡ ಪದ ತೊದಲಿದ ಕೂಡಲೇ ನಾವು ಅವರ ಭಾಷೆಗೆ ಹಾರಿ ಉಪಕಾರ ಮಾಡುತ್ತೇವೆ. ಕಲಿಯಲು ಬಿಟ್ಟರಲ್ಲವೇ ಕಲಿಯುವುದು? ಜುಲೈ 1 ಬಂದರೆ ಪತ್ರಿಕಾ ದಿನವೆಂದು ಹಾರ ತುರಾಯಿ, ಮೋಗ್ಲಿಂಗರ ಹೆಸರನ್ನು ಮೂರು ರೀತಿ ಉಚ್ಚರಿಸುವ ಭಾಷಣ. ಬೆಂಗಳೂರಿನಲ್ಲಿ ಕಿಟೆಲ್ ಪ್ರತಿಮೆ ನಿಲ್ಲಿಸಿದ್ದೇವೆ, ಆಸ್ಟಿನ್ ಟೌನಿಗೆ ಕಿಟೆಲ್ ನಗರವೆಂದು ಹೆಸರಿಟ್ಟಿದ್ದೇವೆ. ಆಟೊ ಹತ್ತಿ ಕಿಟೆಲ್ ನಗರ ಎಂದು ಹೇಳಿ ನೋಡಿ, ಎಲ್ಲಿಗೆ ತಲುಪುತ್ತೀರೋ! ನಿಘಂಟನ್ನು ತೆರೆದು ನೋಡುವವರಂತೂ ನಮ್ಮ ಪತ್ರಿಕೆಗೆ ಲೇಖನ ಕಳುಹಿಸುವವರಲ್ಲೇ ಅಪರೂಪ, ಕಾಗುಣಿತ ತಿದ್ದುವ ನಮ್ಮ ಹುಡುಗಿಯನ್ನು ಕೇಳಿ.

ಹೀಗಾಗಿ ಮೇಲಿನವರ ಕಣ್ಣು ತೆರೆಸುವ ಲೇಖನವನ್ನು ನಾನು ಬರೆಯುವುದಿಲ್ಲ, ಕ್ಷಮಿಸಿ. ಅದರ ಬದಲು ನಿಮ್ಮ ಅಕ್ಕನ ಮಗನೇ ಬರೆಯಲಿ. ಶಾಲೆಯ ಬೆಂಚು, ಪಕ್ಕದ ಹುಡುಗ, ಆ ಹಳ್ಳಿಯ ಅಜ್ಜಿಯರು, ಮೊದಲ ಪ್ರವಚನದಲ್ಲಿ ಆದ ಎಡವಟ್ಟು, ಎಲ್ಲವೂ ಇರಲಿ. ಕನ್ನಡದಲ್ಲಿ ಬರೆಯಬೇಕು, ಎರಡು ಪುಟ ಮೀರಬಾರದು. ಸಂಭಾವನೆ ಅಲ್ಲಿನ ಒಂದು ಕಾಫಿಗೂ ಸಾಲದು ಎಂದು ಮೊದಲೇ ತಿಳಿಸಿಬಿಡಿ. ಈಸ್ಟರ್ ಸಂಚಿಕೆಗೆ ಬೇಕಾದರೆ ಫೆಬ್ರವರಿ ಕೊನೆಯೊಳಗೆ ನನ್ನ ಕೈ ಸೇರಬೇಕು.